ಮೋಟಾರ್ ಕೊಳ್ಳುವ ಮೊದಲು ಕೇಬಲ್ ಬಿಚ್ಚಿ ನೋಡಿ

ಮಳೆ ಹೊಳವಾಗಿ ಗಾಡಿಗಳು ಶೆಡ್ಡಿನಿಂದ ಹೊರಗೆ ಬರುತ್ತಿದ್ದ ಹಾಗೆ ದೊಡ್ಡ ಬೈಕಿನವರ ಪ್ರಶ್ನೆಗಳು ಶುರುವಾಗುತ್ತವೆ. ಎಕ್ಸಾಸ್ಟ್ ವಾಲ್ವಿನ ಮೋಟಾರ್ ಹೋಗಿದೆ, ಹೊಸದು ಎಲ್ಲಿ ಸಿಗುತ್ತದೆ, ಎಷ್ಟಾಗುತ್ತದೆ ಅಂತ. ಈ ವಾಲ್ವ್ ಎಂದರೆ ಸೈಲೆನ್ಸರ್ ಪೈಪಿನೊಳಗೆ ತೆರೆದು ಮುಚ್ಚುವ ಮುಚ್ಚಳ. ಮೋಟಾರ್ ಪುಲ್ಲಿ ತಿರುಗಿಸಿ, ಕೇಬಲ್ ಎಳೆದು ಅದನ್ನು ಆಡಿಸುತ್ತದೆ. ಮೋಟಾರೇ ಹೋಗಿದೆ ಅಂತ ಹೇಗೆ ಗೊತ್ತಾಯಿತು ಎಂದು ತಿರುಗಿ ಕೇಳಿದರೆ ಉತ್ತರವಿಲ್ಲ. ಯಾರೋ ಹೇಳಿದರು, ಅಷ್ಟೇ. ಸಾವಿರಾರು ರೂಪಾಯಿಯ ಸಾಮಾನು ತರಿಸುವುದು ಯಾರದೋ ಮಾತಿನ ಮೇಲೆ. ಅದಕ್ಕೇ ಈ ಸಲ ಒಂದೇ ಪ್ರಶ್ನೆಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಸೀಟು ಬಿಚ್ಚುವುದು, ಮಲ್ಟಿಮೀಟರ್ ಹಿಡಿಯುವುದು ಇದನ್ನೆಲ್ಲ ಇಲ್ಲಿ ಹೇಳಿಕೊಡುವುದಿಲ್ಲ. ಅಷ್ಟೂ ಗೊತ್ತಿಲ್ಲದವರು ಈ ಕೆಲಸಕ್ಕೆ ಕೈ ಹಾಕಬೇಡಿ.

ಪ್ರಶ್ನೆ: ನನ್ನದು ಸೆಕೆಂಡ್ ಹ್ಯಾಂಡ್ ಸುಜುಕಿ ಜಿಎಸ್‌ಎಕ್ಸ್-ಆರ್. ಮಳೆಗಾಲ ಪೂರ್ತಿ ಮನೆ ಪಕ್ಕ ಪ್ಲಾಸ್ಟಿಕ್ ಕವರ್ ಹಾಕಿ ನಿಲ್ಲಿಸಿದ್ದೆ. ಈಗ ಎಂಜಿನ್ ತೊಂದರೆ ತೋರಿಸುವ ಎಫ್‌ಐ ದೀಪ ಆರುವುದೇ ಇಲ್ಲ. ತೊಂದರೆಯ ಕೋಡ್ ತೋರಿಸುವ ಸರ್ವಿಸ್ ಮೋಡ್‌ನಲ್ಲಿ ನೋಡಿದರೆ ಸಿ46 ಎಂದು ಬರುತ್ತದೆ. ದೇವಿಮನೆ ಘಾಟ್ ಹತ್ತುವಾಗ ಕಡಿಮೆ ಆರ್‌ಪಿಎಂನಲ್ಲಿ ಎಳೆತವೇ ಇಲ್ಲ. ಆ್ಯಕ್ಚುಯೇಟರ್ (ವಾಲ್ವ್ ಆಡಿಸುವ ಮೋಟಾರಿನ ಜೋಡಣೆ) ಸುಟ್ಟಿದೆ, ಹೊಸದು ತರಿಸಿ ಎಂದು ಒಬ್ಬ ಮೆಕ್ಯಾನಿಕ್ ಹೇಳಿದ. ವಾಲ್ವನ್ನೇ ಕಿತ್ತು ಬಿಸಾಡಿ ಎಂದು ಇನ್ನೊಬ್ಬ ಹೇಳಿದ. ಯಾರ ಮಾತು ಕೇಳಲಿ ಸರ್? (ಕುಮಟಾದಿಂದ)

ಉತ್ತರ: ಇಬ್ಬರ ಮಾತೂ ಕೇಳಬೇಡಿ. ಸಿ46 ಎಂದರೆ ಎಕ್ಸಾಸ್ಟ್ ವಾಲ್ವಿನ ಆ್ಯಕ್ಚುಯೇಟರ್ ಸರ್ಕೀಟಿನಲ್ಲಿ ಏನೋ ತೊಂದರೆ ಇದೆ ಎಂದು ಅರ್ಥ. ಮೋಟಾರ್ ಸುಟ್ಟಿದೆ ಎಂದು ಅರ್ಥವಲ್ಲ. ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಕಣ್ಣಿಲ್ಲ. ತಿರುಗು ಎಂದು ಮೋಟಾರಿಗೆ ಹೇಳುತ್ತದೆ, ಎಷ್ಟು ತಿರುಗಿತು ಎಂದು ಸೆನ್ಸರ್‌ನಿಂದ ತಿಳಿದುಕೊಳ್ಳುತ್ತದೆ. ಹೇಳಿದಷ್ಟು ತಿರುಗದಿದ್ದರೆ ದೀಪ ಹಚ್ಚುತ್ತದೆ. ತಿರುಗದೇ ಇರಲು ಕಾರಣ ಮೋಟಾರ್ ಆಗಬಹುದು, ವೈರ್ ಆಗಬಹುದು, ಕೇಬಲ್ ಆಗಬಹುದು, ಪೈಪಿನೊಳಗಿನ ವಾಲ್ವ್ ಜಾಮ್ ಆಗಿರಬಹುದು. ನಮ್ಮ ಕರಾವಳಿಯಲ್ಲಿ ಮೊದಲ ಅನುಮಾನ ಯಾವಾಗಲೂ ವಾಲ್ವ್ ಮತ್ತು ಕೇಬಲ್ ಮೇಲೆ. ಮೋಟಾರ್ ಕೊನೆಗೆ.

ಇಲ್ಲಿನ ಗಾಳಿಯಲ್ಲಿ ಉಪ್ಪಿದೆ. ವಾಲ್ವಿನ ಸ್ಪಿಂಡಲ್ (ಅದನ್ನು ತಿರುಗಿಸುವ ಕಡ್ಡಿ) ಸೈಲೆನ್ಸರ್ ಪೈಪಿನಿಂದ ಹೊರಗೆ ಬರುವ ಜಾಗದಲ್ಲಿ ಬಗ್ಗಿ ನೋಡಿ. ಬಿಳಿ ಪುಡಿ ಕೂತಿರುತ್ತದೆ, ಅದರ ಕೆಳಗೆ ಕಂದು ತುಕ್ಕು. ಗಾಡಿ ದಿನಾ ಓಡುತ್ತಿದ್ದರೆ ವಾಲ್ವ್ ಆಡುತ್ತಾ ಇರುತ್ತದೆ, ತುಕ್ಕು ಗಟ್ಟಿಯಾಗುವುದಿಲ್ಲ. ನೀವು ಮೂರ್ನಾಲ್ಕು ತಿಂಗಳು ನಿಲ್ಲಿಸಿದ್ದೀರಿ, ಅದೂ ಪ್ಲಾಸ್ಟಿಕ್ ಕವರಿನೊಳಗೆ. ಆ ಕವರ್ ಮಳೆ ತಡೆಯುತ್ತದೆ ನಿಜ, ಆದರೆ ಒಳಗಿನ ಪಸೆಯನ್ನೂ ಹೊರಗೆ ಬಿಡುವುದಿಲ್ಲ. ಮುಂದಿನ ವರ್ಷ ಗಾಳಿ ಆಡುವ ಮಾಡಿನ ಕೆಳಗೆ ನಿಲ್ಲಿಸಿ. ಕವರ್ ಬೇಕೇ ಬೇಕು ಅಂದರೆ ಬಟ್ಟೆಯದು ಸಾಕು.

ಈಗ ಕೆಲಸಕ್ಕೆ ಬರೋಣ. ಎಂಜಿನ್ ತಣ್ಣಗಿರಲಿ, ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ. ಬ್ಯಾಟರಿ ಸೋತಿದ್ದರೂ ಈ ದೀಪ ಹತ್ತಬಹುದು. ಕಿಲ್ ಸ್ವಿಚ್ ರನ್‌ನಲ್ಲಿಟ್ಟು ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಮೋಟಾರಿನ ಪುಲ್ಲಿ ಒಂದು ಕಡೆ ಪೂರ್ತಿ ತಿರುಗಿ ವಾಪಸ್ ಬರಬೇಕು. ಜುಯ್ ಎಂದು ಸದ್ದು ಕೇಳುತ್ತದೆ. ಸ್ವಲ್ಪ ತಿರುಗಿ ನರಳಿ ನಿಂತರೆ ಎಲ್ಲೋ ಹಿಡಿದುಕೊಂಡಿದೆ. ಸದ್ದೇ ಇಲ್ಲದಿದ್ದರೆ ಕರೆಂಟ್ ಬರುತ್ತಿಲ್ಲ, ಇಲ್ಲವೇ ಮೋಟಾರ್ ನಿಜವಾಗಿಯೂ ಸತ್ತಿದೆ.

ಇಲ್ಲಿಗೇ ನಿಲ್ಲಿಸಿ ಆರ್ಡರ್ ಮಾಡುವವರೇ ಜಾಸ್ತಿ. ನಿಲ್ಲಿಸಬೇಡಿ. ಕೇಬಲ್‌ಗಳ ಲಾಕ್ ನಟ್ ಸಡಿಲಿಸಿ, ಎರಡೂ ಕೇಬಲನ್ನು ಪುಲ್ಲಿಯಿಂದ ಕಳಚಿ. ಒಂದು ತೆರೆಯುವ ಕೇಬಲ್, ಇನ್ನೊಂದು ಮುಚ್ಚುವ ಕೇಬಲ್. ಯಾವುದು ಎಲ್ಲಿತ್ತು ಎಂದು ಪೇಂಟ್ ಗುರುತು ಹಾಕಿ, ಫೋಟೋ ತೆಗೆದಿಡಿ. ಪುಲ್ಲಿಯನ್ನು ಕೈಯಿಂದ ಬಲವಾಗಿ ತಿರುಗಿಸಬೇಡಿ, ಒಳಗಿನ ಸಣ್ಣ ಗೇರಿನ ಹಲ್ಲು ಮುರಿಯುತ್ತದೆ. ಈಗ ಮತ್ತೆ ಕೀ ಆನ್ ಮಾಡಿ. ಕೇಬಲ್ ಇಲ್ಲದಿದ್ದಾಗ ಪುಲ್ಲಿ ಸಲೀಸಾಗಿ ತಿರುಗಿದರೆ ನಿಮ್ಮ ಮೋಟಾರ್ ಚೆನ್ನಾಗಿದೆ. ಹಣ ಉಳಿಯಿತು. ತೊಂದರೆ ಕೆಳಗೆ, ಕೇಬಲ್ ಅಥವಾ ವಾಲ್ವಿನಲ್ಲಿದೆ.

ವಾಲ್ವ್ ಕಡೆಯ ಪುಲ್ಲಿಯನ್ನು ಬೆರಳಿನಿಂದ ಆಡಿಸಿ. ಕೊನೆಯಿಂದ ಕೊನೆಗೆ ತಡೆಯಿಲ್ಲದೆ ಹೋಗಬೇಕು. ಅಲುಗಾಡದಿದ್ದರೆ ಸ್ಪಿಂಡಲ್‌ನ ಎರಡೂ ತುದಿಗೆ ತುಕ್ಕು ಬಿಡಿಸುವ ಪೆನಿಟ್ರೇಟಿಂಗ್ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ಮಾರನೆ ದಿನ ಸಣ್ಣಗೆ ತಟ್ಟಿ. ಬೇಕಿದ್ದರೆ ಹೀಟ್ ಗನ್ ಹಿಡಿಯಿರಿ, ಆದರೆ ಮೊದಲು ಸ್ಪ್ರೇ ಪೂರ್ತಿ ಒರೆಸಿ, ಆರಲು ಬಿಡಿ. ಅದು ಬೆಂಕಿ ಹಿಡಿಯುವ ವಸ್ತು. ಗ್ಯಾಸ್ ಟಾರ್ಚ್ ಬೇಡವೇ ಬೇಡ, ಪಕ್ಕದಲ್ಲೇ ವೈರಿಂಗ್ ಇರುತ್ತದೆ. ಮೊದಲು ಕೂದಲೆಳೆಯಷ್ಟು ಅಲುಗುತ್ತದೆ. ಆಗ ಜೋರು ಮಾಡಬೇಡಿ. ಆ ಕಡೆ, ಈ ಕಡೆ, ಮತ್ತೆ ಸ್ಪ್ರೇ, ಮತ್ತೆ ಆ ಕಡೆ. ಕರ್ರ್ ಎನ್ನುವ ಸದ್ದು ಹೋಗಿ ವಾಲ್ವ್ ಒಳಗೆ ಟಕ್ ಎಂದು ಕೊನೆಗೆ ತಾಗುವ ಸದ್ದು ಬರುವ ತನಕ ಇದೇ ಕೆಲಸ. ತಾಳ್ಮೆ ಇಲ್ಲದವರು ಇಲ್ಲೇ ಸ್ಪಿಂಡಲ್ ಮುರಿಯುತ್ತಾರೆ, ಆಮೇಲೆ ಪೈಪ್ ಸಮೇತ ಬದಲಾಯಿಸುವ ಖರ್ಚು.

ಕೇಬಲನ್ನೂ ಬಿಡಬೇಡಿ. ಒಳಗಿನ ತಂತಿಯನ್ನು ಕೈಯಲ್ಲಿ ಎಳೆದು ನೋಡಿ. ಹೊರ ಕವಚ ಉಬ್ಬಿದ್ದರೆ, ತಂತಿಯ ಒಂದು ಎಳೆ ತುಂಡಾಗಿದ್ದರೂ ಎರಡನ್ನೂ ಒಟ್ಟಿಗೇ ಬದಲಾಯಿಸಿ. ಒಂದು ಹೊಸದು ಒಂದು ಹಳೆಯದು ಹಾಕಿದರೆ ಅಡ್ಜಸ್ಟ್‌ಮೆಂಟ್ ನಿಲ್ಲುವುದಿಲ್ಲ.

ಕೇಬಲ್ ಕಳಚಿದ ಮೇಲೂ ಮೋಟಾರ್ ತಿರುಗದಿದ್ದರೆ ಆಗ ವೈರ್ ಕಡೆ ಹೋಗಿ. ಫ್ಯೂಸ್ ನೋಡಿ, ಮೋಟಾರಿನ ಕಪ್ಲರ್ (ವೈರ್ ಸೇರಿಸುವ ಪ್ಲಗ್) ಬಿಡಿಸಿ. ಪಿನ್ನಿನ ಮೇಲೆ ಹಸಿರು ಕಿಲುಬು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಮತ್ತೆ ಹಾಕಿ ನೋಡಿ. ಎಷ್ಟೋ ಗಾಡಿ ಇಲ್ಲೇ ಸರಿಹೋಗುತ್ತದೆ. ಆಗಲಿಲ್ಲವೇ? ಮೋಟಾರಿಗೆ ಹೋಗುವ ಎರಡು ವೈರ್ ಯಾವುದೆಂದು ನಿಮ್ಮ ಮಾಡೆಲ್ಲಿನ ಸರ್ವಿಸ್ ಮ್ಯಾನುಯಲ್ ನೋಡಿ ತಿಳಿದುಕೊಳ್ಳಿ. ಆ ಎರಡಕ್ಕೆ ಮಾತ್ರ 12 ವೋಲ್ಟ್ ಒಂದು ಕ್ಷಣ ತಾಗಿಸಿ, ಆಮೇಲೆ ಪ್ಲಸ್ ಮೈನಸ್ ಅದಲುಬದಲು ಮಾಡಿ ತಾಗಿಸಿ. ಎರಡೂ ಕಡೆ ತಿರುಗಬೇಕು. ಉಳಿದ ಮೂರು ವೈರ್ ಸೆನ್ಸರಿನವು, 5 ವೋಲ್ಟ್‌ನಲ್ಲಿ ಕೆಲಸ ಮಾಡುವಂಥವು. ಅಲ್ಲಿಗೆ 12 ವೋಲ್ಟ್ ಕೊಟ್ಟರೆ ಚೆನ್ನಾಗಿದ್ದ ಸೆನ್ಸರ್ ಕೂಡ ಹೋಯಿತು. ಮೋಟಾರ್ ತಿರುಗುವಾಗ ಸೆನ್ಸರಿನ ಓಮ್ ನಿಧಾನಕ್ಕೆ ಒಂದೇ ಸಮನೆ ಏರಬೇಕು ಅಥವಾ ಇಳಿಯಬೇಕು. ನಡುವೆ ಜಿಗಿದರೆ ಒಳಗಿನ ಟ್ರ್ಯಾಕ್ ಸವೆದಿದೆ. ಮೋಟಾರ್ ತಿರುಗಲಿಲ್ಲ, ಅಥವಾ ಸೆನ್ಸರ್ ಜಿಗಿಯಿತು ಅಂದರೆ ಮಾತ್ರ ಹೊಸ ಆ್ಯಕ್ಚುಯೇಟರ್ ತರಿಸಿ. ಅದಕ್ಕೂ ಮೊದಲು ಅಲ್ಲ.

ಹೊಸದು ಹಾಕುವಾಗ ಪುಲ್ಲಿ ಮ್ಯಾನುಯಲ್ ಹೇಳಿದ ಸ್ಥಾನದಲ್ಲಿ ನಿಂತಿರಬೇಕು. ಸುಜುಕಿಯಲ್ಲಿ ಸರ್ವಿಸ್ ಮೋಡ್‌ಗೆ ಹಾಕಿ ಅದನ್ನು ಆ ಸ್ಥಾನಕ್ಕೆ ತರುವ ಕ್ರಮ ಇದೆ, ಅಂದಾಜಿನಲ್ಲಿ ಕೂರಿಸಬೇಡಿ. ಕೇಬಲ್ ಮೊದಲಿದ್ದ ದಾರಿಯಲ್ಲೇ ಹೋಗಲಿ, ಎಲ್ಲೂ ಮಡಚಬಾರದು. ಕೇಬಲ್ ಬಿಗಿ ಮಾಡಿದಷ್ಟೂ ಒಳ್ಳೆಯದು ಎಂದು ತಿಳಿದವರಿದ್ದಾರೆ. ಸುಳ್ಳು. ಮ್ಯಾನುಯಲ್ ಹೇಳಿದಷ್ಟು ಸಡಿಲು ಇರಲೇಬೇಕು, ಇಲ್ಲದಿದ್ದರೆ ಪುಲ್ಲಿ ಕೊನೆ ಮುಟ್ಟುವುದಿಲ್ಲ, ಅದೇ ದೀಪ ಮತ್ತೆ ಹತ್ತುತ್ತದೆ.

ಇದನ್ನೆಲ್ಲ ಇಷ್ಟು ಒತ್ತಿ ಹೇಳಲು ಕಾರಣವಿದೆ. ಹೊಸ ಮೋಟಾರ್ ಹಾಕಿಸಿಕೊಂಡು ತಿಂಗಳೊಳಗೆ ಅದನ್ನೂ ಸುಟ್ಟುಕೊಂಡು ನನ್ನ ಹತ್ತಿರ ಬಂದ ಗಾಡಿ ಇದೆ. ವಾಲ್ವ್ ಪೂರ್ತಿ ಜಾಮ್. ಹಾಕಿದವರು ಕೆಳಗೆ ಬಗ್ಗಿ ನೋಡಿಯೇ ಇರಲಿಲ್ಲ. ಹುಡುಗ ಕೂಡಿಟ್ಟ ಹಣ ಎರಡು ಸಲ ಹೋಯಿತು. ಇಂಥವರನ್ನು ಮೆಕ್ಯಾನಿಕ್ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಇನ್ನು ವಾಲ್ವ್ ಕಿತ್ತು ಬಿಸಾಡುವ ಸಲಹೆ. ಯಮಹಾ ಕಂಪನಿ 1987ರಲ್ಲಿ ಎಫ್‌ಝಡ್‌ಆರ್400ಆರ್ ಗಾಡಿಗೆ ಎಕ್ಸಪ್ ಎಂಬ ಹೆಸರಿನಲ್ಲಿ ಇಂಥ ವಾಲ್ವನ್ನು ಕೊಟ್ಟಿತು. ಸುಮ್ನೆ ಕೊಟ್ಟಿದ್ದಲ್ಲ. ಕಡಿಮೆ ಆರ್‌ಪಿಎಂನಲ್ಲಿ ಎಕ್ಸಾಸ್ಟ್ ಪೈಪಿನಲ್ಲಿ ಹಿಂದಕ್ಕೆ ಬರುವ ಒತ್ತಡದ ಅಲೆಗಳು ಎಂಜಿನ್ನಿನ ಉಸಿರಾಟ ಕೆಡಿಸುತ್ತವೆ. ವಾಲ್ವ್ ಅರ್ಧ ಮುಚ್ಚಿ ಅದನ್ನು ತಡೆಯುತ್ತದೆ, ಆರ್‌ಪಿಎಂ ಏರಿದಾಗ ಪೂರ್ತಿ ತೆರೆಯುತ್ತದೆ. ನಿಮ್ಮ ಗಾಡಿಗೆ ಘಾಟಿನಲ್ಲಿ ಎಳೆತ ಇಲ್ಲ ಅಂದಿರಲ್ಲ, ವಾಲ್ವ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರಬಹುದು. ಅದನ್ನು ಕಿತ್ತರೆ ಅದೇ ತೊಂದರೆ ಕಾಯಂ ಆಗುತ್ತದೆ. ಆನ್‌ಲೈನ್‌ನಲ್ಲಿ ಸಿಗುವ ಸರ್ವೋ ಎಲಿಮಿನೇಟರ್ ಎಂಬ ಸಣ್ಣ ಡಬ್ಬಿಯೂ ಅಷ್ಟೇ. ಅದು ಇಸಿಯುಗೆ ಸುಳ್ಳು ಹೇಳಿ ದೀಪ ಆರಿಸುತ್ತದೆ, ವಾಲ್ವನ್ನು ಬಿಡಿಸುವುದಿಲ್ಲ. ರಸ್ತೆಯ ಮೇಲೆ ಓಡುವ ಗಾಡಿಗೆ ನಾನು ಅದನ್ನು ಹಾಕುವುದಿಲ್ಲ.

ಪ್ರಶ್ನೆ: ವಾಲ್ವಿನ ಸ್ಪಿಂಡಲ್‌ಗೆ ಎಂಜಿನ್ ಆಯಿಲ್ ಅಥವಾ ಚೈನ್ ಸ್ಪ್ರೇ ಹಾಕಬಹುದಾ? (ಅಂಕೋಲಾ)

ಉತ್ತರ: ಬೇಡ. ಬಿಸಿಗೆ ಸುಟ್ಟು ಕರಿ ಗಟ್ಟಿ ಅಂಟಾಗುತ್ತದೆ. ಹೆಚ್ಚು ಶಾಖ ತಡೆಯುವ ಗ್ರಾಫೈಟ್ ಅಥವಾ ಮಾಲಿಬ್ಡಿನಮ್ ಒಣ ಲೂಬ್ರಿಕೆಂಟ್ ಮಾತ್ರ ಹಾಕಿ.

ಪ್ರಶ್ನೆ: ಸೈಲೆನ್ಸರ್ ಒಳಗೆ ಸೀಮೆಎಣ್ಣೆ ಸುರಿದು ಸ್ಟಾರ್ಟ್ ಮಾಡಿದರೆ ವಾಲ್ವ್ ಬಿಡುತ್ತದಂತೆ, ಹೌದಾ? (ಹೊನ್ನಾವರ)

ಉತ್ತರ: ಬೆಂಕಿ ಹತ್ತುತ್ತದೆ. ಹೇಳಿದವರ ಹತ್ತಿರ ಗಾಡಿ ಬಿಡಬೇಡಿ.

ಪ್ರಶ್ನೆ: ನನ್ನ ಪಲ್ಸರ್ 150ರ ಬೆಂಡ್ ಪೈಪಿನ ಮೇಲೆ ಒಂದು ಡಬ್ಬಿ ಇದೆ. ಅದರ ಮೋಟಾರ್ ಎಲ್ಲಿರುತ್ತದೆ? (ಶಿರಸಿ)

ಉತ್ತರ: ಮೋಟಾರ್ ಇಲ್ಲ. ಅದು ಕಡಿಮೆ ಆರ್‌ಪಿಎಂ ಎಳೆತಕ್ಕೆ ಕೊಟ್ಟ ಎಕ್ಸಾಸ್‌ಟೆಕ್ ಡಬ್ಬಿ, ಒಳಗೆ ತಿರುಗುವ ಭಾಗವೇ ಇಲ್ಲ. ತುಕ್ಕು ಹಿಡಿಯದಂತೆ ನೋಡಿಕೊಳ್ಳಿ, ಸಾಕು.

ಪ್ರಶ್ನೆ: ಟಾಗೋರ್ ಬೀಚಿನ ಮರಳಿನಲ್ಲಿ ಬೈಕ್ ಓಡಿಸಿ ಆಮೇಲೆ ಪ್ರೆಶರ್ ವಾಷ್ ಮಾಡಿಸಿದರೆ ಸಾಕಲ್ವಾ? (ಕಾರವಾರ)

ಉತ್ತರ: ಓಡಿಸಬೇಡಿ. ಪ್ರೆಶರ್ ವಾಷ್ ಉಪ್ಪುನೀರನ್ನು ಕಪ್ಲರ್ ಒಳಗೆ ತಳ್ಳುತ್ತದೆ.

ಪ್ರಶ್ನೆ: ಯಮಹಾ ಆರ್1ರಲ್ಲಿ ಒಮ್ಮೆ 17, ಇನ್ನೊಮ್ಮೆ 18 ಕೋಡ್ ಬರುತ್ತದೆ. ಎರಡೂ ಒಂದೇನಾ? (ಭಟ್ಕಳ)

ಉತ್ತರ: ಅಲ್ಲ. 17 ಬಂದರೆ ಎಕ್ಸಪ್ ಮೋಟಾರಿನ ಸರ್ಕೀಟ್ ತುಂಡಾಗಿದೆ ಅಥವಾ ಶಾರ್ಟ್ ಆಗಿದೆ. 18 ಬಂದರೆ ಮೋಟಾರ್ ಸಿಕ್ಕಿಕೊಂಡಿದೆ. 17ಕ್ಕೆ ಕಪ್ಲರ್‌ನಿಂದ ಶುರು ಮಾಡಿ, 18ಕ್ಕೆ ಕೇಬಲ್ ಬಿಚ್ಚುವುದರಿಂದ. ಎರಡೂ ಬದಲಾಗಿ ಬರುತ್ತಿದ್ದರೆ ಮೊದಲು ಕಪ್ಲರ್ ಸ್ವಚ್ಛ ಮಾಡಿ, ಕೋಡ್ ಅಳಿಸಿ. ಆಮೇಲೆ ಯಾವುದು ಉಳಿಯುತ್ತದೆ ನೋಡಿ ಬರೆಯಿರಿ. ಗಾಡಿಯ ವರ್ಷವನ್ನೂ ತಪ್ಪದೆ ಬರೆಯಿರಿ.