‘ಇದಕ್ಕೆ ಟೆಸ್ಟ್ ಇದೆಯಾ, ಡಾಕ್ಟ್ರೇ?’

ಹುಬ್ಬಳ್ಳಿಯಲ್ಲಿ ಮನೋವೈದ್ಯೆಯಾಗಿ ಕೂತು 19 ವರ್ಷ ಆಯ್ತು. ಪರೀಕ್ಷೆ ಭಯ, ಮೊಬೈಲ್ ಗೀಳು ಎಲ್ಲದಕ್ಕೂ ತಾಳ್ಮೆ ಇದೆ. ‘ನಾನು ಸಲಿಂಗ ಪ್ರೇಮಿಯಾ’ ಅಂತ ತಿಳಿಯಲು ಟೆಸ್ಟ್ ಕೇಳುವ ಈ ಪ್ರಶ್ನೆ ಬಂದಾಗ ಮಾತ್ರ ಸಿಟ್ಟು ಬರುತ್ತದೆ. ಕೇಳಿದ ಮಕ್ಕಳ ಮೇಲಲ್ಲ, ಅವರ ತಲೆಗೆ ಇದನ್ನು ತುಂಬಿದವರ ಮೇಲೆ. ಹಾಗಾಗಿ ಈ ವಾರದ ಜಾಗ ಬಹುಪಾಲು ಇದಕ್ಕೇ.

ಪ್ರಶ್ನೆ: ನನಗೆ 16 ವರ್ಷ. ಪಿಯುಸಿ ಮೊದಲ ವರ್ಷ, ಸೈನ್ಸ್. ಉಣಕಲ್‌ನಿಂದ ಧಾರವಾಡಕ್ಕೆ ದಿನಾ ಚಿಗರಿ ಬಸ್ಸಿನಲ್ಲಿ ಹೋಗುತ್ತೇನೆ. ನವನಗರದಲ್ಲಿ ಹತ್ತುವ ಗೆಳತಿಗೆ ಬ್ಯಾಗ್ ಇಟ್ಟು ಸೀಟ್ ಹಿಡಿಯುತ್ತೇನೆ. ಅವಳು ಬಾರದ ದಿನ ಪಾಠ ತಲೆಗೆ ಹೋಗುವುದಿಲ್ಲ. ಪಕ್ಕ ಕೂತರೆ ಎದೆ ಹೊಡೆದುಕೊಳ್ಳುತ್ತದೆ. ನಾನು ‘ಅಂಥವಳಾ’? ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದಾ?

ಉತ್ತರ: ತಂಗಿ, ಸ್ಟಾಪುಗಳ ಹೆಸರು ಬದಲಿಸಿದ್ದೇನೆ, ಹೆದರಬೇಡ. ಲಾಂಗ್‌ಬುಕ್ಕಿನ ಹಾಳೆ ಹರಿದು ಬರೆದಿದ್ದೀಯ, ಹಿಂಬದಿಗೆ ಫಿಜಿಕ್ಸ್ ಲೆಕ್ಕ ಅರ್ಧಕ್ಕೇ ನಿಂತಿದೆ. ಮೊದಲು ‘ಗೆಳೆಯ’ ಅಂತ ಬರೆದು, ಗೀಟು ಹಾಕಿ, ಮೇಲೆ ‘ಗೆಳತಿ’ ಅಂತ ತಿದ್ದಿದ್ದೀಯ. ಆ ಗೀಟು ಹಾಕಲಿಕ್ಕೆ ಎಷ್ಟು ಹೊತ್ತು ಕೂತಿದ್ದೆಯೋ ಏನೋ.

ಟೆಸ್ಟ್ ಇಲ್ಲ. ರಕ್ತದಲ್ಲಿ ಇಲ್ಲ, ಸ್ಕ್ಯಾನಿನಲ್ಲಿ ಇಲ್ಲ, ಫೋನಿನ ಹತ್ತು ಪ್ರಶ್ನೆಯ ಕ್ವಿಜ್‌ನಲ್ಲಂತೂ ಇಲ್ಲವೇ ಇಲ್ಲ. ಎದೆ ಹೊಡೆದುಕೊಳ್ಳುವುದು ಅಡ್ರಿನಲಿನ್ ಅನ್ನುವ ಹಾರ್ಮೋನಿನ ಕೆಲಸ. ಪಕ್ಕ ಕೂತವರು ಹುಡುಗನಾ, ಹುಡುಗಿಯಾ ಅಂತ ಅದು ಕೇಳುವುದಿಲ್ಲ.

ಹಾಗಾದರೆ ನೀನು ‘ಅಂಥವಳಾ’? ಇರಬಹುದು, ಇಲ್ಲದಿರಬಹುದು. ಇಬ್ಬರ ಮೇಲೂ ಮನಸ್ಸು ಹೋಗುವವರೂ ಇದ್ದಾರೆ. ಈ ವಯಸ್ಸಿನಲ್ಲಿ ‘ಅವಳ ಹಾಗೆ ಇರಬೇಕು’ ಅನ್ನೋದು, ‘ಅವಳ ಜೊತೆ ಇರಬೇಕು’ ಅನ್ನೋದು ಎರಡೂ ಒಂದೇ ಜಡೆಯಲ್ಲಿ ಹೆಣೆದುಕೊಂಡಿರುತ್ತವೆ. ಬಿಡಿಸಲು ಸಮಯ ಬೇಕು. ಕೆಲವರಿಗೆ ಹತ್ತನೇ ಕ್ಲಾಸಿಗೇ ಗೊತ್ತಾಗಿರುತ್ತದೆ, ಕೆಲವರಿಗೆ 30 ದಾಟಿದ ಮೇಲೆ. ‘ವಯಸ್ಸಿನ ಚಪಲ’ ಅನ್ನುವವರಿಗೂ ಕಿವಿಗೊಡಬೇಡ, ‘ಈಗಲೇ ಹೆಸರಿಟ್ಟುಕೋ’ ಅನ್ನುವವರಿಗೂ ಬೇಡ.

ಕಾಯಿಲೆಯಂತೂ ಅಲ್ಲ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲೇ ಸಲಿಂಗ ಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆಯಿತು, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ. ವಯಸ್ಕರಿಬ್ಬರು ಒಪ್ಪಿ ಇಟ್ಟುಕೊಂಡ ಸಂಬಂಧ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿತು. ‘ಸರಿಮಾಡುತ್ತೇನೆ’ ಅಂತ ಚಿಕಿತ್ಸೆ ಕೊಡುವುದು ವೈದ್ಯರಿಗೆ ದುರ್ನಡತೆ ಅಂತ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಹೇಳಿದೆ. ಆದರೂ ಬಸ್‌ಸ್ಟ್ಯಾಂಡ್ ಗೋಡೆಯ ಅಳಲೆಕಾಯಿ ಪಂಡಿತರ ಅಂಗಡಿ ನಡೆಯುತ್ತಲೇ ಇದೆ. ಓದಿದ ಅಪ್ಪಂದಿರೇ ನನ್ನೆದುರು ಕೂತು ಕೇಳುತ್ತಾರೆ: ‘ಒಂದು ಮದುವಿ ಮಾಡಿಬಿಟ್ರ ಸರಿ ಹೋಗ್ತಾನಲ್ರೀ, ಡಾಕ್ಟ್ರ?’ ಇಲ್ರೀ. ಇನ್ನೊಬ್ಬರ ಮನೆಯ ಹುಡುಗಿಯ ಬಾಳೂ ಹಾಳಾಗುತ್ತದೆ, ಅಷ್ಟೇ.

ಅವಳಿಗೆ ಹೇಳಲಾ ಅಂತ ನೀನು ಕೇಳಿಲ್ಲ. ಕೇಳಬೇಕೆಂದಿದ್ದು ಅದನ್ನೇ, ಅಲ್ವಾ? ಪುಕ್ಕಲಿ ಅನ್ನು ಬೇಕಾದರೆ, ನಾನು ಸದ್ಯ ಬೇಡ ಅನ್ನುತ್ತೇನೆ. ವಾಟ್ಸ್ಆ್ಯಪ್‌ನಲ್ಲಂತೂ ಬೇಡವೇ ಬೇಡ. ನನ್ನ ಹತ್ತಿರ ಬಂದ ಒಬ್ಬ ಹುಡುಗ ರಾತ್ರಿ ಒಂದೇ ಒಂದು ಮೆಸೇಜ್ ಕಳಿಸಿದ್ದ. ಬೆಳಿಗ್ಗೆ ಪ್ರಾರ್ಥನೆ ಮುಗಿಯುವುದರೊಳಗೆ ಅದರ ಸ್ಕ್ರೀನ್‌ಶಾಟ್ ಕ್ಲಾಸೆಲ್ಲ ಸುತ್ತಿತ್ತು. ಆ ವರ್ಷ ಅವನು ಪರೀಕ್ಷೆಗೆ ಕೂರಲಿಲ್ಲ. ಇನ್‌ಸ್ಟಾದಲ್ಲಿ ‘ನಾನೂ ನಿನ್ನ ಹಾಗೇ’ ಅಂತ ಬರುವ ದೊಡ್ಡವರನ್ನು ಆ ಕ್ಷಣವೇ ಬ್ಲಾಕ್ ಮಾಡು.

ಹೇಳಿಕೊಳ್ಳಲೇಬೇಕು ಅನಿಸಿದರೆ, ಹಿಂದೆ ನಿನ್ನದೊಂದು ಗುಟ್ಟು ಕಾಪಾಡಿದ ಚಿಗವ್ವನೋ ಅತ್ತೆಯೋ ಇದ್ದರೆ ನೋಡು. ಪೇಪರಿನಲ್ಲಿ ಬಂದ ಇಂಥದ್ದೇ ಸುದ್ದಿಯನ್ನು ಸುಮ್ನೆ ಅವರ ಮುಂದೆ ಓದು. ಮುಖ ಸಿಂಡರಿಸಿದರೆ ಅಲ್ಲಿಗೇ ಬಿಡು. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಸಿಗುತ್ತಾರೆ, ದುಡ್ಡು ಬೇಡ. ನಿದ್ದೆ ಕೆಟ್ಟರೆ, ಸಾಯಬೇಕು ಅನಿಸಿದರೆ ಅಂದೇ ಫೋನ್ ಮಾಡು. ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೂ ಹೋಗಬಹುದು. ಮನೆಯಲ್ಲಿ ‘ನಿದ್ದೆ ಬರ್ತಿಲ್ಲ’ ಅಂದರೆ ಸಾಕು. ‘ಹುಚ್ಚಾಸ್ಪತ್ರೆ’ ಅನ್ನುವ ನೆರೆಯವರ ಬಾಯಿ ಇದ್ದಿದ್ದೇ.

ಉಳಿದವರಿಗೆ

ಹಾವೇರಿಯ ತಂದೆ (‘ಮಗನ ದನಿ ಸಣ್ಣ. ಕ್ರಿಕೆಟ್ ಬೇಡ, ಭರತನಾಟ್ಯ ಬೇಕಂತೆ. ಇದು ಅದರ ಲಕ್ಷಣವೇ?’): ಅಲ್ಲ. ಡಾನ್ಸ್ ಕ್ಲಾಸಿನ ಫೀ ಕಟ್ಟಿರಿ.

ಗದಗಿನ ಹುಡುಗ (‘ಒಂಬತ್ತನೇ ಕ್ಲಾಸಿನಲ್ಲಿ ಗೆಳೆಯನ ಮೇಲೆ ಮನಸ್ಸಿತ್ತು, ಈಗ ಒಬ್ಬ ಹುಡುಗಿಯ ಮೇಲೆ. ಯಾವುದು ಸುಳ್ಳು?’): ಯಾವುದೂ ಅಲ್ಲ.

ಲಕ್ಷ್ಮೇಶ್ವರದ ತಾಯಿ (‘ಮಗ ಸರಿಹೋಗಲಿ ಅಂತ 41 ದಿನದ ಪುಡಿ ತಂದಿದ್ದೇವೆ, 12 ದಿನ ಆಯ್ತು. ಪಥ್ಯ ಏನು?’): ಇವತ್ತೇ ನಿಲ್ಲಿಸಿ. ಡಬ್ಬಿ ಎಸೆಯಬೇಡಿ, ಮಗನ ಜೊತೆ ಅದನ್ನೂ ಹತ್ತಿರದ ಡಾಕ್ಟರ ಬಳಿ ಒಯ್ಯಿರಿ. ಇಂಥ ಪುಡಿಗಳಲ್ಲಿ ಸೀಸ, ಪಾದರಸ ಇರುವುದುಂಟು. ಲಿವರ್, ಕಿಡ್ನಿ ನೋಡಬೇಕು. ಅದಕ್ಕೆ ಟೆಸ್ಟ್ ಇದೆ.