ಹಳೆಯ ಪರಮಾಣು ಮಾದರಿಗಳನ್ನು ಇನ್ನೂ ಏಕೆ ಓದಬೇಕು?

ಪ್ರಶ್ನೆ: ನನ್ನ ಮಗಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ವಿಜ್ಞಾನದ ಪಾಠದಲ್ಲಿ ಡಾಲ್ಟನ್, ಥಾಮ್ಸನ್, ರುದರ್‌ಫೋರ್ಡ್, ಬೋರ್ ಎಂದು ಒಬ್ಬರಾದ ಮೇಲೊಬ್ಬರ ಪರಮಾಣು ಬರುತ್ತದೆ. ಒಂದನ್ನು ಕಲಿತು ಮುಗಿಸುವಷ್ಟರಲ್ಲಿ ಅದರ ನ್ಯೂನತೆಗಳನ್ನು ಕಲಿಯಬೇಕಾಗುತ್ತದೆ. “ಎಲ್ಲವೂ ತಪ್ಪಾದ ಮೇಲೆ ಇವನ್ನು ಏಕೆ ಓದಬೇಕಪ್ಪ, ಈಗಿನದೂ ನಾಳೆ ತಪ್ಪಾದರೆ?” ಎಂದು ಅವಳು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ರುದರ್‌ಫೋರ್ಡ್ ಚಿನ್ನವನ್ನೇ ಏಕೆ ಬಳಸಿದರು ಎಂಬುದನ್ನೂ ತಿಳಿಸಿ. ನನ್ನ ತಂದೆ ಕೆಜಿಎಫ್ ಗಣಿಯಲ್ಲಿ ದುಡಿದವರು. ಗಣಿಯ ಆಳದಲ್ಲಿ ವಿಜ್ಞಾನಿಗಳು ಏನನ್ನೋ ಪರೀಕ್ಷಿಸುತ್ತಿದ್ದರೆಂದು ಹೇಳುತ್ತಿದ್ದರು. ಅದಕ್ಕೂ ಪರಮಾಣುವಿಗೂ ಸಂಬಂಧವಿದೆಯೇ?
— ಓದುಗರೊಬ್ಬರು, ಬಂಗಾರಪೇಟೆ, ಕೋಲಾರ ಜಿಲ್ಲೆ

ಉತ್ತರ: ತಮ್ಮ ಮಗಳ ಪ್ರಶ್ನೆ ನ್ಯಾಯವಾದುದು. ಪಠ್ಯಪುಸ್ತಕಗಳು ಮಾದರಿಗಳ ಚಿತ್ರವನ್ನು ಮಾತ್ರ ಮಕ್ಕಳ ಮುಂದಿಟ್ಟು, ಆ ಚಿತ್ರಕ್ಕೆ ಕಾರಣವಾದ ಅಳತೆಗಳನ್ನು ಎರಡು ಸಾಲಿನಲ್ಲಿ ದಾಟಿಬಿಡುವುದರಿಂದಲೇ ಈ ಗೊಂದಲ ಹುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ. ಹಳೆಯ ಚಿತ್ರಗಳು ಒಂದೊಂದಾಗಿ ಅಳಿದವು, ನಿಜ. ಆದರೆ ಅವುಗಳನ್ನು ಬರೆಯಿಸಿದ ಅಳತೆಗಳಲ್ಲಿ ಮುಖ್ಯವಾದವು ಇಂದಿಗೂ ಹಾಗೆಯೇ ನಿಂತಿವೆ.

ಇಂಥ ಉತ್ತರವನ್ನು ಕಣಾದನಿಂದ ಆರಂಭಿಸಬೇಕೆಂದು ಬಯಸುವ ಓದುಗರಿದ್ದಾರೆ. ವೈಶೇಷಿಕ ದರ್ಶನದ ಪರಮಾಣುವಾಗಲಿ ಗ್ರೀಸಿನ ಡೆಮಾಕ್ರಿಟಸ್ ಹೇಳಿದ ಕಣವಾಗಲಿ ತರ್ಕದ ದೊಡ್ಡ ಸಾಧನೆಗಳೇ. ಆದರೆ ಆ ವಾದವನ್ನು ಒಪ್ಪದವರ ಮುಂದೆ ಇಟ್ಟು ತೋರಿಸಲು ಆಗ ತೂಕದ ಲೆಕ್ಕವಿರಲಿಲ್ಲ. ಆ ಲೆಕ್ಕವನ್ನು ಕೊಟ್ಟವರು 18ನೆಯ ಶತಮಾನದ ಕೊನೆಯ ರಸಾಯನಶಾಸ್ತ್ರಜ್ಞರು. 3 ಗ್ರಾಂ ಇಂಗಾಲವು 4 ಗ್ರಾಂ ಆಕ್ಸಿಜನ್ನಿನೊಡನೆ ಸೇರಿದರೆ ಕಾರ್ಬನ್ ಮಾನಾಕ್ಸೈಡ್, 8 ಗ್ರಾಂನೊಡನೆ ಸೇರಿದರೆ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ನಡುವಿನ ಐದೂವರೆ ಗ್ರಾಂನಿಂದ ಮೂರನೆಯದೊಂದು ಅನಿಲ ಹುಟ್ಟುವುದಿಲ್ಲ. ವಸ್ತುವು ಹಿಟ್ಟಿನಂತೆ ಎಷ್ಟು ಬೇಕಾದರೂ ಅಳೆದು ಬೆರೆಸಬಹುದಾದದ್ದಲ್ಲ, ಕಾಳಿನಂತೆ ಎಣಿಸಿ ಸೇರಿಸಬೇಕಾದದ್ದು ಎಂಬುದನ್ನು ಇಂಥ ಅನುಪಾತಗಳಿಂದ ಕಂಡುಕೊಂಡ ಜಾನ್ ಡಾಲ್ಟನ್ ತಮ್ಮ ಪರಮಾಣು ಸಿದ್ಧಾಂತವನ್ನು 1808ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಅದೇ ಡಾಲ್ಟನ್ ನೀರಿನಲ್ಲಿ ಒಂದು ಹೈಡ್ರೋಜನ್ನಿಗೆ ಒಂದೇ ಆಕ್ಸಿಜನ್ ಇದೆಯೆಂದು ಭಾವಿಸಿದ್ದರು. ಅವೊಗಾಡ್ರೊ 1811ರಲ್ಲಿಯೇ ಇದನ್ನು ಸರಿಪಡಿಸುವ ದಾರಿ ತೋರಿದ್ದರೂ, ಕಾನಿಝಾರೊ ಅದನ್ನು 1860ರ ಕಾರ್ಲ್ಸ್‌ರೂ ಸಮ್ಮೇಳನದಲ್ಲಿ ಪ್ರತಿಪಾದಿಸುವವರೆಗೆ ಹೆಚ್ಚಿನವರು ಕಿವಿಗೊಡಲಿಲ್ಲ. ಡಾಲ್ಟನ್ನರ ಸೂತ್ರ ಹೋಯಿತು, ಅನುಪಾತದ ನಿಯಮ ಉಳಿಯಿತು.

ಅಷ್ಟಾದರೂ ಪರಮಾಣು ನಿಜವಾಗಿ ಇದೆಯೆಂದು ಎಲ್ಲರೂ ಒಪ್ಪಿರಲಿಲ್ಲ ಎಂಬುದನ್ನು ತಮ್ಮ ಮಗಳಿಗೆ ಅವಶ್ಯವಾಗಿ ಹೇಳಿ. ಅದು ಲೆಕ್ಕಕ್ಕೆ ಅನುಕೂಲವಾದ ಕಲ್ಪನೆ ಮಾತ್ರ ಎಂದು ವಾದಿಸುತ್ತಿದ್ದವರಲ್ಲಿ ಅರ್ನ್ಸ್ಟ್ ಮಾಖ್ ಮತ್ತು ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಅವರಂಥ ಘನ ವಿದ್ವಾಂಸರಿದ್ದರು. ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳ ಅಡ್ಡಾದಿಡ್ಡಿ ಚಲನೆಗೆ ಅಣುಗಳ ಬಡಿತವೇ ಕಾರಣವೆಂದು ಐನ್‌ಸ್ಟೈನ್ 1905ರಲ್ಲಿ ಗಣಿತದಿಂದ ತೋರಿಸಿ, ಕೆಲವೇ ವರ್ಷಗಳಲ್ಲಿ ಪೆರಿನ್ ಪ್ಯಾರಿಸ್ಸಿನಲ್ಲಿ ಆ ಲೆಕ್ಕವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದ ಮೇಲೆ, ಓಸ್ಟ್‌ವಾಲ್ಡ್ 1909ರಲ್ಲಿ ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡರು. ಮಾಖ್ ಅಷ್ಟು ಸುಲಭವಾಗಿ ಮಣಿಯುವವರಾಗಿರಲಿಲ್ಲ.

ಸೋಜಿಗವೆಂದರೆ, ಪರಮಾಣು ಇದೆಯೋ ಇಲ್ಲವೋ ಎಂಬ ವಾದ ಮುಗಿಯುವ ಮೊದಲೇ ಅದರೊಳಗಿನ ಒಂದು ತುಣುಕು ಹೊರಬಂದಿತ್ತು. ಕೇಂಬ್ರಿಡ್ಜಿನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಜೆ.ಜೆ. ಥಾಮ್ಸನ್ 1897ರಲ್ಲಿ ಗುರುತಿಸಿದ ಆ ಋಣಾವೇಶದ ಕಣವೇ ಎಲೆಕ್ಟ್ರಾನ್. ಅದರ ರಾಶಿ ಹೈಡ್ರೋಜನ್ ಪರಮಾಣುವಿನ ಸುಮಾರು 1,800ರಲ್ಲಿ ಒಂದು ಪಾಲು. ಒಟ್ಟಾರೆ ಪರಮಾಣುವಿಗೆ ವಿದ್ಯುದಾವೇಶವಿಲ್ಲದ ಕಾರಣ ಒಳಗೆ ಎಲ್ಲೋ ಧನಾವೇಶ ಇರಲೇಬೇಕು. ಅದು ಕಲ್ಲಂಗಡಿಯ ತಿರುಳಿನಂತೆ ಎಲ್ಲೆಡೆ ಹರಡಿದೆ, ಎಲೆಕ್ಟ್ರಾನುಗಳು ಬೀಜಗಳಂತೆ ಅದರಲ್ಲಿ ಹುದುಗಿವೆ ಎಂಬುದು ಅಂದು ತಿಳಿದಿದ್ದಷ್ಟಕ್ಕೆ ಯುಕ್ತವಾದ ಊಹೆಯೇ ಆಗಿತ್ತು. ಅದರ ಹೆಚ್ಚುಗಾರಿಕೆ ಇದ್ದುದು, ಅದನ್ನು ಪರೀಕ್ಷಿಸಿ ಸುಳ್ಳೆಂದು ತೋರಿಸಲು ಸಾಧ್ಯವಾಗುವಂತೆ ಇದ್ದುದರಲ್ಲಿ.

ಆ ಪರೀಕ್ಷೆ ಮ್ಯಾಂಚೆಸ್ಟರಿನಲ್ಲಿ ನಡೆಯಿತು. ರುದರ್‌ಫೋರ್ಡ್ ಅವರ ಸಹಾಯಕ ಗೈಗರ್ ಮತ್ತು ಇನ್ನೂ ಪದವಿ ಮುಗಿಸದಿದ್ದ ಮಾರ್ಸ್‌ಡೆನ್, ವಿಕಿರಣಶೀಲ ವಸ್ತುಗಳಿಂದ ಸಿಡಿಯುವ ಧನಾವೇಶದ ಆಲ್ಫಾ ಕಣಗಳನ್ನು ತೆಳು ಲೋಹದ ಮೇಲೆ ಹಾಯಿಸಿ, ಕತ್ತಲೆಯ ಕೋಣೆಯಲ್ಲಿ ಕುಳಿತು, ಸತುವಿನ ಸಲ್ಫೈಡ್ ಲೇಪಿಸಿದ ಪರದೆಯ ಮೇಲೆ ಮೂಡುವ ಮಿಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಎಣಿಸಿದರು. ಆಲ್ಫಾ ಕಣವು ಎಲೆಕ್ಟ್ರಾನಿಗಿಂತ 7,000 ಪಟ್ಟಿಗೂ ಹೆಚ್ಚು ಭಾರವಾದುದು. ರಾಗಿ ಕಾಳಿಗೆ ತಾಗಿದ ಎತ್ತಿನ ಗಾಡಿ ಹಿಂದಕ್ಕೆ ತಿರುಗದಂತೆ ಅದೂ ತಿರುಗಬಾರದಿತ್ತು. ಆದರೂ 1909ರಲ್ಲಿ ಸುಮಾರು 8,000 ಕಣಗಳಿಗೆ ಒಂದು ಬಂದ ಕಡೆಗೇ ಮರಳಿತು. ತಾವು ಚಿನ್ನದ ಬಗ್ಗೆ ಕೇಳಿದ್ದರಿಂದ ಒಂದು ಮಾತು: ಈ ಪ್ರಸಿದ್ಧ ಅಂಕಿ ಬಂದದ್ದು ಪ್ಲಾಟಿನಂ ತಗಡಿನಿಂದ. ಸೀಸ, ಬೆಳ್ಳಿ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂಗಳನ್ನೂ ಅವರು ಬಳಸಿದ್ದರು. ಚಿನ್ನಕ್ಕೆ ಹೆಚ್ಚಿನ ಹೆಸರು ಬಂದದ್ದಕ್ಕೆ ಕಾರಣವನ್ನು ಯಾವ ಅಕ್ಕಸಾಲಿಗರಾದರೂ ಹೇಳಬಲ್ಲರು. ಬಡಿದಷ್ಟೂ ಹರಡುವ, ತುಕ್ಕು ಹಿಡಿಯದ ಈ ಲೋಹವನ್ನು ಒಂದು ಮೈಕ್ರೋಮೀಟರ್‌ಗಿಂತ ತೆಳುವಾದ ರೇಕಾಗಿಸಬಹುದು. ರೇಕು ದಪ್ಪವಾಗಿದ್ದರೆ ಕಣವು ಹಲವು ಪರಮಾಣುಗಳಿಗೆ ಸರದಿಯಲ್ಲಿ ತಾಗಿ, ಒಂದೇ ಏಟಿನ ಫಲವೇನೆಂದು ತಿಳಿಯುತ್ತಲೇ ಇರಲಿಲ್ಲ. ಜೊತೆಗೆ ಚಿನ್ನದ ಪರಮಾಣುವಿನ ಕೇಂದ್ರದಲ್ಲಿ ಧನಾವೇಶದ ಮೊತ್ತ 79 ಇರುವುದರಿಂದ ಹಿಂದೂಡುವ ಬಲವೂ ಹೆಚ್ಚು.

ಧನಾವೇಶವೂ ಹೆಚ್ಚುಕಡಿಮೆ ಎಲ್ಲ ರಾಶಿಯೂ ನಟ್ಟನಡುವಿನ ಒಂದು ಅತಿಚಿಕ್ಕ ನ್ಯೂಕ್ಲಿಯಸ್ಸಿನಲ್ಲಿ ಅಡಗಿದೆ ಎಂಬ ತೀರ್ಮಾನವನ್ನು ರುದರ್‌ಫೋರ್ಡ್ 1911ರಲ್ಲಿ ಪ್ರಕಟಿಸಿದರು. ಇಂದಿನ ಅಳತೆಯ ಪ್ರಕಾರ ಚಿನ್ನದ ಪರಮಾಣು ತನ್ನ ನ್ಯೂಕ್ಲಿಯಸ್ಸಿಗಿಂತ ಸುಮಾರು 20,000 ಪಟ್ಟು ಅಗಲ. ನ್ಯೂಕ್ಲಿಯಸ್ಸನ್ನು ಒಂದೂವರೆ ಮಿಲಿಮೀಟರಿನ ರಾಗಿ ಕಾಳೆಂದು ಭಾವಿಸಿದರೆ, ಇಡೀ ಪರಮಾಣು 30 ಮೀಟರ್ ಅಗಲದ ಒಕ್ಕಣೆ ಕಣದಷ್ಟಾಗುತ್ತದೆ. ಕಣ ತುಂಬ ಹುಡುಕಿದರೂ ತೂಕವಿರುವುದು ಆ ಒಂದು ಕಾಳಿನಲ್ಲಿ.

ಆದರೆ ನ್ಯೂಕ್ಲಿಯಸ್ಸಿನ ಸುತ್ತ ತಿರುಗುವ ಎಲೆಕ್ಟ್ರಾನು ಅಂದಿನ ವಿದ್ಯುತ್ಕಾಂತ ನಿಯಮಗಳಂತೆ ಶಕ್ತಿಯನ್ನು ಹೊರಸೂಸುತ್ತ, ಸೆಕೆಂಡಿನ ಹತ್ತು ಸಾವಿರ ಕೋಟಿ ಪಾಲುಗಳಲ್ಲಿ ಒಂದೆರಡರಷ್ಟು ಹೊತ್ತಿನಲ್ಲಿ ಕೇಂದ್ರಕ್ಕೆ ಬೀಳಬೇಕಿತ್ತು. ನೀಲ್ಸ್ ಬೋರ್ 1913ರಲ್ಲಿ ಎಲೆಕ್ಟ್ರಾನಿಗೆ ಕೆಲವು ನಿಗದಿತ ಶಕ್ತಿಮಟ್ಟಗಳು ಮಾತ್ರ ಲಭ್ಯವೆಂದು ಸಾರಿ, ಹೈಡ್ರೋಜನ್ನಿನ ರೋಹಿತರೇಖೆಗಳಿಗೆ, ಅಂದರೆ ಅದು ಸೂಸುವ ಬೆಳಕನ್ನು ಬಿಡಿಸಿದಾಗ ಕಾಣುವ ಬಣ್ಣದ ಗೆರೆಗಳಿಗೆ, ಬಾಮರ್ ಎಂಬ ಸ್ವಿಸ್ ಶಾಲಾ ಶಿಕ್ಷಕರು 1885ರಲ್ಲಿ ಕಂಡುಕೊಂಡಿದ್ದ ಸೂತ್ರವನ್ನು ಅದರಿಂದಲೇ ಪಡೆದು ತೋರಿಸಿದರು. ಎರಡೇ ಎಲೆಕ್ಟ್ರಾನುಗಳಿರುವ ಹೀಲಿಯಂಗೆ ಬಂದೊಡನೆ ಆ ಲೆಕ್ಕ ಕೈಕೊಟ್ಟಿತು. 1925–26ರಲ್ಲಿ ಹೈಸನ್‌ಬರ್ಗ್, ಶ್ರೋಡಿಂಗರ್ ಮತ್ತು ಬಾರ್ನ್ ರೂಪಿಸಿದ ಕ್ವಾಂಟಂ ಸಿದ್ಧಾಂತದಲ್ಲಿ ಎಲೆಕ್ಟ್ರಾನಿಗೆ ದುಂಡನೆಯ ದಾರಿಯಿಲ್ಲ, ಎಲ್ಲಿ ಸಿಗಬಹುದೆಂಬ ಸಂಭಾವ್ಯತೆ ಇದೆ. ಬೋರ್ ಅವರ ಶಕ್ತಿಮಟ್ಟಗಳಾದರೋ ಅಲ್ಲಿಯೂ ಉಳಿದುಕೊಂಡವು. ಇಂದಿಗೂ ಸರ್ಕಾರಿ ಲಾಂಛನಗಳಲ್ಲಿ, ಕಾಲೇಜಿನ ಗೋಡೆಗಳ ಮೇಲೆ ಬರೆಯುವ ದುಂಡು ದಾರಿಯ ಪರಮಾಣು ಸುಮಾರು ನೂರು ವರ್ಷಗಳ ಹಿಂದೆಯೇ ನಿವೃತ್ತವಾಗಿದೆ. ನ್ಯೂಕ್ಲಿಯಸ್ಸಿನಲ್ಲಿ ಧನಾವೇಶದ ಕಣವಾದ ಪ್ರೋಟಾನಿನ ಜೊತೆ ಆವೇಶವಿಲ್ಲದ ನ್ಯೂಟ್ರಾನ್ ಇರುವುದನ್ನು ಚಾಡ್ವಿಕ್ 1932ರಲ್ಲಿ ತೋರಿಸಿದರು. ಇವೆರಡೂ ಕ್ವಾರ್ಕ್ ಎಂಬ ಇನ್ನೂ ಮೂಲಭೂತವಾದ ಕಣಗಳಿಂದ ಆದವು ಎಂಬ ಪ್ರತಿಪಾದನೆ 1964ರಲ್ಲಿ ಬಂತು.

ತಮ್ಮ ತಂದೆಯವರು ಹೇಳಿದ್ದು ನಿಜ. ನೆಲದ ಮೇಲೆ ಸದಾ ಸುರಿಯುವ ವಿಶ್ವಕಿರಣಗಳ ಗದ್ದಲವನ್ನು ತಡೆಯಲು ಬಂಡೆಯ ದಪ್ಪ ಹೊದಿಕೆ ಬೇಕಾಗಿದ್ದುದರಿಂದ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನವರೊಡನೆ ಕೂಡಿ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣಗಳನ್ನಿಟ್ಟು, 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ (ಆವೇಶವಿಲ್ಲದ, ವಸ್ತುವಿಗೆ ಬಲು ಅಪರೂಪವಾಗಿ ತಾಗುವ ಅತಿ ಹಗುರ ಕಣಗಳ) ಕುರುಹನ್ನು ಪತ್ತೆಹಚ್ಚಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿಯೂ ಇಂಥ ಫಲ ದೊರೆಯಿತು. 1980ರ ದಶಕದಲ್ಲಿ ಇಲ್ಲಿ ನಡೆದ ಇನ್ನೊಂದು ಪ್ರಯೋಗವು ತಮ್ಮ ಮಗಳ ಎರಡನೆಯ ಪ್ರಶ್ನೆಗೆ ನೇರವಾಗಿ ಸೇರುತ್ತದೆ. ಪ್ರೋಟಾನ್ ಎಂದೆಂದಿಗೂ ಅಳಿಯದ ಕಣವೇ ಎಂಬುದು ಅದರ ವಿಷಯ. ಎಂದಾದರೂ ಒಂದು ದಿನ ಅದು ಒಡೆಯಲೇಬೇಕೆಂದು ಕೆಲವು ಸಿದ್ಧಾಂತಗಳು ಹೇಳಿದ್ದರಿಂದ, ಸುಮಾರು 140 ಟನ್ ಕಬ್ಬಿಣದ ಫಲಕಗಳ ನಡುವೆ ಗುರುತುಕಾರಕಗಳನ್ನು ಜೋಡಿಸಿ ಕಾದು ಕುಳಿತರು. ಒಡೆದಿರಬಹುದೆಂಬ ಕೆಲವು ಗುರುತುಗಳನ್ನು ತಂಡವು ವರದಿಯನ್ನೂ ಮಾಡಿತು; ಅಮೆರಿಕ ಮತ್ತು ಜಪಾನಿನ ಇನ್ನೂ ದೊಡ್ಡ ಉಪಕರಣಗಳಿಗೆ ಅದು ಕಾಣಲಿಲ್ಲ. ಗಣಿಯು 2001ರಲ್ಲಿ ಮುಚ್ಚಿತು. ಜಪಾನಿನಲ್ಲಿ 50,000 ಟನ್ ನೀರಿನ ತೊಟ್ಟಿಯಿಟ್ಟು ಅದೇ ಪ್ರಶ್ನೆಯನ್ನು ಮುಂದುವರಿಸಿರುವವರಿಗೂ ಈವರೆಗೆ ಒಂದು ಪ್ರೋಟಾನ್ ಒಡೆದ ಖಚಿತ ಗುರುತು ಸಿಕ್ಕಿಲ್ಲ. ಸಿಕ್ಕ ದಿನ ಒಂಬತ್ತನೆಯ ತರಗತಿಯ ಪಾಠಕ್ಕೆ ಇನ್ನೊಂದು ಪುಟ ಸೇರೀತು. 3 ಗ್ರಾಂ ಇಂಗಾಲ ಮಾತ್ರ ಆಗಲೂ 4 ಅಥವಾ 8 ಗ್ರಾಂ ಆಕ್ಸಿಜನ್ನಿನೊಡನೆಯೇ ಸೇರುತ್ತಿರುತ್ತದೆ.