ಈ ವಾರ ಪಾಳಿ ಯಾರದು?

ಪ್ರಶ್ನೆ: ಅಕ್ಕಾ, ನಮಸ್ಕಾರ. ಬೆಳಗಾವಿ ಹತ್ತಿರ ನಾವು 14 ಕುಟುಂಬದವರು ಕೂಡಿ ಜಾಗ ತಗೊಂಡು ಮನೆ ಕಟ್ಟಿಕೊಂಡು ನಾಲ್ಕು ವರ್ಷವಾಯಿತು. ಮನೆಗಳು ಬೇರೆ ಬೇರೆ. ಒಂದು ದೊಡ್ಡ ಅಡುಗೆಮನೆ, ಕೈತೋಟ, ಬಾವಿ ಮಾತ್ರ ಎಲ್ಲರದೂ. ವಾರಕ್ಕೆ ಎರಡು ರಾತ್ರಿ ಊಟ ಒಟ್ಟಿಗೆ. ಆಳು ಇಡದೆ ಎಲ್ಲರೂ ಕೈಹಚ್ಚಬೇಕು ಅಂತ ಮೊದಲೇ ಮಾತಾಗಿತ್ತು. ಈಗ ಮಾಡುವವರು ನಾಲ್ಕೈದು ಜನ. ಹೋದ ರಾಜ್ಯೋತ್ಸವಕ್ಕೆ ಮೂವರಿಗೆ ಶಾಲು ಹಾಕಿ ಸತ್ಕಾರ ಮಾಡಿದರು, ಮೂವರೂ ಮೀಟಿಂಗಿನಲ್ಲಿ ಚೆನ್ನಾಗಿ ಮಾತಾಡುವವರು. ಮೂರು ವರ್ಷದಿಂದ ದಿನಸಿ ಲೆಕ್ಕ ಬರೆದು, ಊಟದ ಮರುದಿನ ದೊಡ್ಡ ಪಾತ್ರೆ ತಿಕ್ಕುವ ನನ್ನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಗಂಟೆ ಲೆಕ್ಕ ಇಡೋಣ, ಮಾಡದವರಿಗೆ ದಂಡ ಹಾಕೋಣ ಅಂದರೆ ‘ಮನೆಮಂದಿ ನಡುವೆ ಎಂಥ ಲೆಕ್ಕ’ ಅಂತಾರೆ. ನಾನು ಕೇಳಿದ್ದು ತಪ್ಪಾ?
— ಒಬ್ಬ ಸದಸ್ಯೆ, ಬೆಳಗಾವಿ

ಉತ್ತರ: ತಪ್ಪಲ್ಲ. ನಿಮಗೆ ನೋವಾಗಿದೆ, ಆಗಲೇಬೇಕಾದ ನೋವು ಅದು. ಹಾಗೆ ಅಂದವರ ಮನಸ್ಸು ಕೆಟ್ಟದ್ದು ಅಂತ ನನಗೆ ಅನ್ನಿಸುವುದಿಲ್ಲ, ಅವರಿಗೆ ನಿಮ್ಮ ಕೆಲಸ ಕಂಡೇ ಇಲ್ಲ. ಬೆಳಿಗ್ಗೆ ಅಡುಗೆಮನೆಗೆ ಬಂದಾಗ ಪಾತ್ರೆ ಬೋರಲು ಹಾಕಿದ್ದು ಕಾಣುತ್ತದೆ. ತಿಕ್ಕಿದ ಕೈ ಕಾಣುವುದಿಲ್ಲ.

ಲೆಕ್ಕ ಅನ್ನೋದು ಪ್ರೀತಿಗೆ ವಿರುದ್ಧ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಹಳ್ಳಿಗಳ ಮುಯ್ಯಾಳು ನೆನಪಿಸಿಕೊಳ್ಳಿ. ಇವತ್ತು ನಿಮ್ಮ ಹೊಲದ ಕಳೆಗೆ ನಾನು ಬಂದರೆ, ನಾಳೆ ನನ್ನ ಹೊಲಕ್ಕೆ ನೀವು ಬರಬೇಕು. ದುಡ್ಡಿನ ಮಾತಿಲ್ಲ, ಚೀಟಿ ಇಲ್ಲ, ಆದರೆ ಯಾರ ಮನೆಗೆ ಎಷ್ಟು ಆಳು ಬಾಕಿ ಅಂತ ಇಬ್ಬರಿಗೂ ಗೊತ್ತಿರುತ್ತದೆ. ಆ ಲೆಕ್ಕದಿಂದ ನೆರೆಹೊರೆ ಕೆಡಲಿಲ್ಲ, ಉಳಿಯಿತು. ಮುಯ್ಯಿ ತೀರಿಸಲು ಯಾರೂ ಶಾಲು ಹೊದಿಸುತ್ತಿರಲಿಲ್ಲ ಅಲ್ವಾ, ಕುರ್ಪಿ ಹಿಡಿದು ಬರುತ್ತಿದ್ದರು.

ನಿಮ್ಮಂಥ ವಸತಿ ಹೊರಗೂ ಇದೆ. ಡೆನ್ಮಾರ್ಕಿನಲ್ಲಿ 1972ರಲ್ಲೇ ಸೆಟ್ಟೆಡಾಮೆನ್ ಅನ್ನುವಲ್ಲಿ ಶುರುವಾಯಿತು, ಅಮೆರಿಕದ ಡೇವಿಸ್ ಊರಿನಲ್ಲಿ 1991ರಲ್ಲಿ 26 ಮನೆಗಳ ಮ್ಯೂರ್ ಕಾಮನ್ಸ್ ಬಂತು. ಇಂಥ ಕಡೆ ಅಡುಗೆ ಸಾಮಾನ್ಯವಾಗಿ ಪಾಳಿ ಮೇಲೆ ನಡೆಯುತ್ತದೆ. ನಿಮ್ಮ ಪಾಳಿ ಬಂದ ದಿನ ಬೆವರು ಸುರಿಸಿ ಎಲ್ಲರಿಗೂ ಮಾಡುತ್ತೀರಿ, ಉಳಿದ ದಿನ ಸುಮ್ನೆ ಬಂದು ಕೂತು ಉಣ್ಣುತ್ತೀರಿ. ಇನ್ನೂ ಬಿಗಿಯಾದದ್ದು ಅಮೆರಿಕದ ವರ್ಜೀನಿಯಾದಲ್ಲಿ 1967ರಿಂದ ಇರುವ ಟ್ವಿನ್ ಓಕ್ಸ್. ಅಲ್ಲಿ ಆದಾಯವೂ ಎಲ್ಲರದೂ ಒಂದೇ, ವಾರಕ್ಕೆ ಇಷ್ಟು ಗಂಟೆ ಅಂತ ಪ್ರತಿಯೊಬ್ಬರೂ ಕೆಲಸ ಮಾಡಬೇಕು. ಅಷ್ಟು ಬಿಗಿ ನಿಮಗೆ ಬೇಡ. ಆದರೆ ಅವರ ಒಂದು ನಿಯಮ ನನಗೆ ತುಂಬಾ ಹಿಡಿಸಿದೆ: ತೋಟದ ಒಂದು ಗಂಟೆ, ಮಗು ನೋಡಿಕೊಂಡ ಒಂದು ಗಂಟೆ, ಅಡುಗೆಮನೆಯ ಒಂದು ಗಂಟೆ, ಎಲ್ಲದಕ್ಕೂ ಬೆಲೆ ಒಂದೇ.

ದಂಡ ಮಾತ್ರ ಹಾಕಬೇಡಿ. ಇಸ್ರೇಲಿನ ಹೈಫಾ ಊರಿನ ಶಿಶುವಿಹಾರಗಳಲ್ಲಿ, ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗೆ ದಂಡ ಹಾಕಿ ನೋಡಿದರು. ತಡ ಮಾಡುವವರು ಕಡಿಮೆಯಾಗಲಿಲ್ಲ, ಜಾಸ್ತಿಯಾದರು. ದಂಡ ತೆಗೆದ ಮೇಲೂ ಹಳೆಯ ಸ್ಥಿತಿಗೆ ಬರಲಿಲ್ಲ. ಈ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ದುಡ್ಡು ಕೊಟ್ಟೆ, ಮುಗೀತು ಅನ್ನುವ ಭಾವನೆ ಬಂದರೆ ಮುಜುಗರವೂ ಹೋಗುತ್ತದೆ. ನಿಮ್ಮಲ್ಲಿ ಅನುಕೂಲಸ್ಥರು ದಂಡ ಕಟ್ಟಿ ಕೂತರೆ, ಕಟ್ಟಲಾಗದವರು ಅವರ ಪಾತ್ರೆ ತಿಕ್ಕಬೇಕಾಗುತ್ತದೆ.

ಮೊದಲು ಒಂದು ತಿಂಗಳು ಅಡುಗೆಮನೆ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ. ಏನೇ ಕೆಲಸವಾದರೂ ಬರೆಯಿರಿ, ಮಾಡಿದವರ ಹೆಸರು ಬೇಡ. ಪಂಪ್ ರಿಪೇರಿಯವನಿಗೆ ನಾಲ್ಕು ಸಲ ಫೋನ್ ಮಾಡಿದ್ದು, ಸಿಲಿಂಡರ್ ಮುಗಿಯುವ ಮೊದಲೇ ಬುಕ್ ಮಾಡಿದ್ದು, ಗಟಾರ ಕಟ್ಟಿಕೊಂಡದ್ದನ್ನು ತೆಗೆದದ್ದು, ಒಬ್ಬ ಅಜ್ಜಿಯ ಜೊತೆ ಆಸ್ಪತ್ರೆಯಲ್ಲಿ ಕೂತದ್ದು, ಎಲ್ಲ ಬರಲಿ. ತಿಂಗಳ ಕೊನೆಗೆ ಕೂತು ಓದಿ. ಯಾರಿಗೂ ಬೇಡವಾದ ಕೆಲಸ ಯಾವುದು ಅಂತ ಗುರುತು ಹಾಕಿ, ಅದಷ್ಟನ್ನೂ ಪಾಳಿಗೆ ಹಾಕಿ. ಮೀಟಿಂಗಿನಲ್ಲಿ ಮಾತಾಡುವವರಿಗೂ ಪಾತ್ರೆಯ ಪಾಳಿ ಬರಬೇಕು. ತೋಟ ಇಷ್ಟಪಡುವವರು ತೋಟ ಮಾಡಲಿ, ಅದಕ್ಕೆ ಪಾಳಿ ಬೇಕಿಲ್ಲ.

ಕೈಲಾಗದವರ ವಿಷಯ ಬೇರೆ. ವಯಸ್ಸಾದವರು ಕೂತಲ್ಲೇ ಅಕ್ಕಿ ಆರಿಸಬಹುದು, ಸೊಪ್ಪು ಬಿಡಿಸಬಹುದು, ಅದೂ ಹಾಳೆಯಲ್ಲಿ ಬರಲಿ. ಬಾಣಂತಿಗೆ, ಕಾಯಿಲೆಯವರಿಗೆ, ರಾತ್ರಿ ಪಾಳಿಯ ನೌಕರಿ ಇರುವವರಿಗೆ ‘ಈ ವರ್ಷ ಆಗಲ್ಲ’ ಅನ್ನಲು ಅವಕಾಶ ಇರಲಿ. ಕಾರಣ ಕೆದಕಬೇಡಿ.

ಇನ್ನು ಸತ್ಕಾರ. ಮಾಡುವುದಾದರೆ ಮೂವರನ್ನು ಆರಿಸುವುದು ಬಿಡಿ, 14 ಮನೆಯಲ್ಲಿ ಮೂವರಿಗೆ ಶಾಲು ಅಂದರೆ ಉಳಿದವರಿಗೆಲ್ಲ ಏನೂ ಇಲ್ಲ ಅಂತ ಹೇಳಿದ ಹಾಗೆ. ಆ ಹಾಳೆಯನ್ನೇ ಗಟ್ಟಿಯಾಗಿ ಓದಲಿ, ಈ ಸಲ ಹೆಸರು ಹೇಳಿ ಓದಲಿ. ‘ಸೇವೆ ಮಾಡಿದ್ದಾರೆ’ ಅಂದರೆ ಸಾಲದು. ‘ಮೂರು ವರ್ಷ ದಿನಸಿ ಲೆಕ್ಕ ಬರೆದವರು ಇವರು’ ಅನ್ನಬೇಕು.

ನಿಮಗೊಂದು ಮಾತು. ಬೇರೆಯವರು ಲೆಕ್ಕ ತಪ್ಪು ಬರೆದಾರು ಅಂತ ನೀವೇ ಅದನ್ನು ಬಿಡದೆ ಹಿಡಿದುಕೊಂಡಿದ್ದರೆ, ಈಗ ಬಿಡಿ. ತಪ್ಪಿದರೆ ತಿದ್ದಿದರಾಯಿತು. ಮುಂದಿನ ಮೀಟಿಂಗಿಗೆ ಲೆಕ್ಕದ ಪುಸ್ತಕ ಒಯ್ಯಿರಿ. ಮೇಜಿನ ಮೇಲೆ ಇಟ್ಟು, ‘ಮೂರು ತಿಂಗಳು ಇದನ್ನು ಯಾರು ಬರೀತೀರಿ’ ಅಂತ ಕೇಳಿ. ಯಾರಾದರೂ ಕೈ ಎತ್ತುವವರೆಗೆ ಮಾತಾಡಬೇಡಿ.